ನೀವು ಬರುವವರೆಗೂ ಇರುತ್ತದೆ

ಆ ಮನೆಯವರು ಊಟದ ಮೇಜನ್ನು ಕಳೆದುಕೊಂಡು ಮೂರು ವಾರವಾಗಿತ್ತು. ಮೇಜೇನೂ ಎಲ್ಲಿಗೂ ಹೋಗಿರಲಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಎಂದಿನ ಜಾಗದಲ್ಲೇ ನಿಂತಿತ್ತು. ಆದರೆ ಅದರ ಮೇಲೆ ಅಕ್ಕ ಹೊಲಿಯುತ್ತಿದ್ದ ಬಟ್ಟೆ ಹಾಸಿಕೊಂಡಿತ್ತು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ನಾಲ್ಕೂ ಬದಿಗೆ ಇಳಿಬಿದ್ದು ನೆಲ ಮುಟ್ಟುತ್ತಿತ್ತು. ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ಕಲಿತರು. ಅಕ್ಕನ ತಮ್ಮ ಕಿಟಕಿಯ ಕಟ್ಟೆಯ ಮೇಲೆ, ಅವನ ಹೆಂಡತಿ ಸ್ಟೂಲಿನ ಮೇಲೆ, ಅವರ ಹದಿನಾರು ವರ್ಷದ ಮಗಳು ಪುಟ್ಟಿ ಮೆಟ್ಟಿಲ ಮೇಲೆ. ಅಕ್ಕ ನಿಂತೇ ಉಣ್ಣುತ್ತಿದ್ದಳು, ಒಂದು ಕಣ್ಣನ್ನು ಬಟ್ಟೆಯ ಮೇಲಿಟ್ಟು.

ಅವಳು ಬೀದಿಗೆಲ್ಲ ಅಕ್ಕ. ವಯಸ್ಸು ನಲವತ್ತೆಂಟು. ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ಕೆಲಸ. ಅರವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಯಂತ್ರದ ಬ್ಲೇಡನ್ನು ಸೀಮೆಸುಣ್ಣದ ಗೆರೆಯ ಮೇಲೆ ನಡೆಸಿದರೆ ಒಂದೇ ಸಲಕ್ಕೆ ಅರವತ್ತು ತೋಳು, ಅರವತ್ತು ಕಾಲರು, ಎಲ್ಲ ಒಂದೇ ಥರ. ಹನ್ನೊಂದು ವರ್ಷದ ಹಿಂದೆ ಗಂಡನ ಮನೆಯಿಂದ ಒಂದು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ ಹಿಡಿದು ತವರಿಗೆ ಬಂದಳು. ಯಾಕೆ ಬಂದೆ ಅಂತ ಕೇಳಿದವರಿಗೆ "ಅಲ್ಲಿ ಜಾಗ ಇರಲಿಲ್ಲ" ಎಂದಷ್ಟೇ ಹೇಳಿದ್ದಳು. ಇಲ್ಲಿ ಊಟದ ಮೇಜನ್ನು ಆಕ್ರಮಿಸಿದ್ದು ನೋಡಿದರೆ ಆ ಮಾತು ನಿಜವೇ ಇರಬೇಕು.

"ಅಕ್ಕ, ಬೇಜಾರು ಮಾಡ್ಕೋಬೇಡಿ" ಎಂದಳು ತಮ್ಮನ ಹೆಂಡತಿ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಕಡತ ಇರಬೇಕು ಅವಳಿಗೆ. "ನಮ್ಮ ಆಫೀಸಿನವರು ಬಂದು ಇದೇನು ಅಂತ ಕೇಳಿದ್ರೆ ನಾನೇನು ಹೇಳ್ಲಿ?"

"ಬಟ್ಟೆ ಅಂತ ಹೇಳು."

"ಬಟ್ಟೆ ಅಂತ ಮುಟ್ಟಿದ್ರೇ ಗೊತ್ತಾಗತ್ತೆ. ಏನಿದೆ ಅದ್ರಲ್ಲಿ? ಹೂವಿಲ್ಲ, ಹಕ್ಕಿ ಇಲ್ಲ, ಒಂದು ಮನುಷ್ಯನ ಮುಖ ಇಲ್ಲ."

"ತೂತಿದೆಯಲ್ಲಮ್ಮ" ಎಂದಳು ಪುಟ್ಟಿ ಮೆಟ್ಟಿಲ ಮೇಲಿಂದ.

ತೂತಿತ್ತು ನಿಜ. ಬೂದು, ಕಂದು, ಕಪ್ಪು ಬಟ್ಟೆಯ ತುಂಡುಗಳ ನಡುವೆ ಬೇಕೆಂದೇ ಬಿಟ್ಟ ಸಂದುಗಳು, ಹಳೆಯ ಫ್ಯಾನಿನ ಮೋಟಾರಿನಿಂದ ಬಿಚ್ಚಿ ತೆಗೆದ ತಾಮ್ರದ ತಂತಿಯ ಹೊಲಿಗೆ, ತುಕ್ಕು ಹಿಡಿದ ಗುಂಡುಸೂಜಿಗಳ ಸಾಲು, ಮೇಣದಲ್ಲಿ ಅದ್ದಿದ ರಿಪೇರಿ ಬಟ್ಟೆಗೆ ಕಟ್ಟುವ ಅಂಗಡಿಯ ನಂಬರು ಚೀಟಿಗಳು. ಗ್ರಂಥಾಲಯದ ಮೆಟ್ಟಿಲ ಹಜಾರದಲ್ಲಿ ಎರಡು ಮಹಡಿ ಎತ್ತರದ ಒಂದು ಕಿಟಕಿ ಇದೆ. ಆ ಕಿಟಕಿಯ ಮುಂದೆ ಒಂದು ತಿಂಗಳು ಇದನ್ನು ತೂಗುಹಾಕಲು ಗ್ರಂಥಪಾಲಕಿ ಒಪ್ಪಿದ್ದಳು. ಇಷ್ಟು ವರ್ಷ ಅಕ್ಕ ಮಾಡಿದ್ದೆಲ್ಲ ಮಲಗುವ ಕೋಣೆಯ ಬಾಗಿಲ ಹಿಂದೆ ಮೊಳೆಗೆ ನೇತಾಡಿತ್ತು. ಹೊರಗೆ ಹೋಗುವುದು ಇದೇ ಮೊದಲು. ತೂಗುಹಾಕುವ ದಿನಕ್ಕೆ ಇನ್ನು ಐದು ವಾರ ಉಳಿದಿತ್ತು. ಇದು ತಪ್ಪಿದರೆ ಮತ್ತೊಂದು ಕಿಟಕಿ ಸಿಗುವುದಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ಐದನೆಯ ಜೀವವೂ ಒಂದಿತ್ತು, ಮಹಡಿಯ ಮೇಲೆ. ಅಪ್ಪ. ಊರಿಗೆಲ್ಲ ರಫು ಮಾಸ್ಟರು. ಹರಿದ ಬಟ್ಟೆಯಲ್ಲಿ ನೂಲಿಗೆ ನೂಲು ನೇಯ್ದು, ಹರಿದದ್ದೇ ಗೊತ್ತಾಗದಂತೆ ಮುಚ್ಚುವುದರಲ್ಲಿ ಎತ್ತಿದ ಕೈ. ಕಾಲಿನ ಗಂಟು ಮುರಿದುಕೊಂಡು ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಆ ಎರಡು ತಿಂಗಳಲ್ಲಿ, ಮಗ ನೋಡಿಕೊಳ್ಳುತ್ತಿದ್ದ ಅವರ ರಫು ಅಂಗಡಿಯಲ್ಲಿ ಏನಾಯಿತು ಅನ್ನುವುದನ್ನು ಅವರಿಂದ ಮುಚ್ಚಿಡಲಾಗಿತ್ತು. ಆದರೆ ಮುಚ್ಚುವ ವಿದ್ಯೆ ಅಪ್ಪನದೇ ಹೊರತು ಮಕ್ಕಳದಲ್ಲ.

ಒಂದು ಭಾನುವಾರ ಮಧ್ಯಾಹ್ನ ಆಲೂಗಡ್ಡೆ ಸೂಪು ಬಡಿಸುತ್ತಿರುವಾಗ ಊರುಗೋಲಿನ ಸದ್ದು ಮೆಟ್ಟಿಲಿಳಿದು ಬಂತು. ಸೊಸೆ ಹಾಸಿಗೆಯ ಚಾದರ ತಂದು ಮೇಜಿನ ಮೇಲೆ ಎಸೆಯುವಷ್ಟರಲ್ಲಿ ಮಾಸ್ಟರು ಕೋಣೆಯೊಳಗೇ ಇದ್ದರು.

"ಏನದು?"

"ಏನಿಲ್ಲ ಮಾವ, ಅಕ್ಕನ ಹೊಲಿಗೆ. ನೀವು ಕೂತ್ಕೊಳ್ಳಿ."

ಕೂರಲು ಮೇಜಿಗೆ ಕೈ ಊರಿದರು. ಚಾದರ ಜಾರಿತು. ಅವರ ಬೆರಳು ಬಟ್ಟೆಯ ಮೇಲೆ ಹಾದು ಒಂದು ಕಡೆ ನಿಂತಿತು.

"ಇದು ನನ್ನ ಕೈ."

ಸೊಸೆ ಜಾರಿದ ಚಾದರವನ್ನು ಹೆಕ್ಕಿಕೊಂಡಳು.

"ಕಂದು ಕೋಟು. ಎಡಭುಜ. ನುಸಿ ತಿಂದಿತ್ತು. ಮೂರು ದಿನ ಕೂತಿದ್ದೆ ಇದಕ್ಕೆ." ಬೆರಳು ಮುಂದೆ ಸರಿಯಿತು. "ಇದು ಆ ಗಣಿತದ ಮೇಷ್ಟರ ಪ್ಯಾಂಟು. ಸಿಗರೇಟಿನ ಕಿಡಿ. ಇದು..." ಮುಖ ಮೇಲೆತ್ತಿದರು. "ಯಾರು ಕತ್ತರಿಸಿದ್ದು?"

"ನಾನು" ಎಂದಳು ಅಕ್ಕ.

"ಯಾರನ್ನ ಕೇಳಿ?"

ಅಕ್ಕ ತಮ್ಮನ ಕಡೆ ನೋಡಿದಳು. ತಮ್ಮ ತನ್ನ ಬಟ್ಟಲಿನಲ್ಲಿದ್ದ ಆಲೂಗಡ್ಡೆಯನ್ನು ಪರೀಕ್ಷೆಯ ಪ್ರಶ್ನೆಯಂತೆ ದಿಟ್ಟಿಸುತ್ತಿದ್ದ. ಕೊನೆಗೆ ಬಾಯಿಬಿಟ್ಟ. "ಅಪ್ಪ, ಡ್ರೈಕ್ಲೀನಿಂಗ್ ಮಷಿನ್ನಿಗೆ ಹಿಂದಿನ ಕೋಣೆ ಬೇಕಿತ್ತು. ಯಾರೂ ವಾಪಸ್ ಒಯ್ಯದ ಬಟ್ಟೆ ರಾಶಿ ಬಿದ್ದಿತ್ತಲ್ಲ, ಚಿಂದಿಯವನಿಗೆ ಹಾಕೋಣ ಅಂತಿದ್ದೆ. ಅಕ್ಕ ಬೇಡ ಅಂದ್ಲು. ತಾನು ತಗೊಂಡ್ಲು."

"ಚಿಂದಿಯವನಿಗೆ!"

"ಇಪ್ಪತ್ತು ವರ್ಷ ಆಗಿದೆ ಕೆಲವಕ್ಕೆ! ಯಾರು ಬರ್ತಾರಪ್ಪ?"

"ಬೋರ್ಡಿನ ಮೇಲೆ ಏನು ಬರೆದಿದೆ?"

"ಅಪ್ಪ..."

"ಹೇಳು. ಹುಟ್ಟಿದಾಗಿಂದ ಓದಿದೀಯ."

ತಮ್ಮ ಬಟ್ಟಲಿಗೇ ಹೇಳಿದ. "ನೀವು ಬರುವವರೆಗೂ ಇರುತ್ತದೆ."

ಬೇರೆ ಅಂಗಡಿಯವರೆಲ್ಲ ಮೂವತ್ತು ದಿನ ಕಳೆದರೆ ನಾವು ಹೊಣೆಯಲ್ಲ ಅಂತ ಬರೆಸಿದಾಗ ಮಾಸ್ಟರು ಬರೆಸಿದ್ದು ಅದನ್ನು. ಅದೇ ಅವರ ಜಂಭ, ಅದೇ ಅವರ ನಿಯತ್ತು. ಜನ ಊರು ಬಿಟ್ಟರು, ದಪ್ಪಗಾದರು, ಸತ್ತರು, ಮರೆತರು. ಬಟ್ಟೆ ಮಾತ್ರ ಹಿಂದಿನ ಕೋಣೆಯಲ್ಲಿ ನಂಬರು ಕಟ್ಟಿಕೊಂಡು ಕಾಯುತ್ತಿತ್ತು. ಒಟ್ಟು ಮೂವತ್ತೊಂದು.

"ಹೋಗ್ಲಿ, ಕತ್ತರಿಸಿದೆ" ಎಂದರು ಮಾಸ್ಟರು ಮಗಳಿಗೆ. "ತಿರುವಿ ಯಾಕೆ ಹಾಕಿದೀಯ? ಒಳಮೈ ಮೇಲೆ ಬಂದಿದೆ. ಗಂಟು, ನೂಲಿನ ತುದಿ, ಎಲ್ಲ ಕಾಣ್ತಿದೆ."

"ಕಾಣ್ಲಿ ಅಂತಾನೇ."

"ಕಂಡರೆ ಅದು ರಫು ಅಲ್ಲ. ಕಂಡರೆ ಅದು ತೇಪೆ!"

"ಅಪ್ಪ, ಐವತ್ತು ವರ್ಷ ಈ ಕೆಲಸ ಮಾಡಿದೀಯ. ಇದು ನಾನು ಮಾಡಿದ್ದು ಅಂತ ಯಾರಿಗಾದ್ರೂ ಒಂದಾದ್ರೂ ತೋರಿಸೋಕೆ ಆಗತ್ತಾ? ಮೇಲಿಂದ ನೋಡಿದ್ರೆ ಏನೂ ಇಲ್ಲ. ನಿನ್ನ ಕೆಲಸ ಇರೋದೆಲ್ಲ ಹಿಂದ್ಗಡೆ."

"ಕಾಣದೇ ಇರೋದೇ ಕೆಲಸ!"

"ನಾನು ಚಿಕ್ಕೋಳಿದ್ದಾಗ ನಿನ್ನ ಕೌಂಟರಿನ ಕೆಳಗೆ ಕೂತಿರ್ತಿದ್ದೆ. ನುಸಿ ಎಲ್ಲೆಲ್ಲಿ ತಿಂದಿದೆ ಅಂತ ನೋಡೋಕೆ ನೀನು ಕೋಟನ್ನ ಬಲ್ಬಿಗೆ ಅಡ್ಡ ಹಿಡೀತಿದ್ದೆ. ನನ್ನ ಫ್ರಾಕಿನ ಮೇಲೆಲ್ಲ ಬೆಳಕಿನ ಚುಕ್ಕಿ ಬೀಳ್ತಿತ್ತು. ಸಾಯಂಕಾಲದ ಹೊತ್ತಿಗೆ ನೀನು ಒಂದೊಂದಾಗಿ ಎಲ್ಲಾನೂ ಆರಿಸಿಬಿಡ್ತಿದ್ದೆ. ನನಗೆ ಅಳು ಬರ್ತಿತ್ತು. ನಿನಗೆ ಗೊತ್ತೇ ಇಲ್ಲ. ಇದೆಲ್ಲ ಅಲ್ಲಿಂದ ಬಂದದ್ದು."

"ತೂತು ಮುಚ್ಚಿದ್ದಕ್ಕೆ ಅಳುವ ಮಗು!" ಎಂದು ಮಾಸ್ಟರು ಸೊಸೆಯ ಕಡೆ ತಿರುಗಿದರು. "ಆ ತೂತು ಮುಚ್ಚಿಯೇ ಇವಳಿಗೆ ಅನ್ನ ಹಾಕಿದ್ದು."

ಸೂಪು ಆರಿ ಹೋಯಿತು. ಅದನ್ನು ಮತ್ತೆ ಬಿಸಿಮಾಡಲು ಯಾರಿಗೂ ಮನಸ್ಸಾಗಲಿಲ್ಲ.

ಅಂದಿನಿಂದ ಅಪ್ಪ ಮಗಳ ನಡುವೆ ಮಾತು ನಿಂತಿತು. ನಿಂತಿತು ಅಂದರೆ ಪುಟ್ಟಿಯ ಮೂಲಕ ಹರಿಯತೊಡಗಿತು.

"ಪುಟ್ಟಿ, ಉಪ್ಪು ಈ ಕಡೆ ಕಳಿಸೋಕೆ ನಿನ್ನ ಅತ್ತೆಗೆ ಹೇಳು."

"ತಾತ, ಅತ್ತೆ ಎರಡಡಿ ದೂರದಲ್ಲಿದಾರೆ. ಕೇಳಿಸ್ತು ಅವರಿಗೆ."

"ಕೇಳಿಸೋದು ಬೇರೆ, ಹೇಳೋದು ಬೇರೆ. ಹೇಳು."

"ಅತ್ತೆ, ಉಪ್ಪು. ತಾತ, ಇನ್ಮೇಲೆ ಒಂದು ಮಾತಿಗೆ ಒಂದು ಬಿಸ್ಕತ್ತು. ನನಗೂ ಗಂಟಲಿದೆ."

ಅಕ್ಕ ಜಗ್ಗಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುವಳು, ಏಳು ಗಂಟೆಗೆ ಕಾರ್ಖಾನೆಯ ಬಸ್ಸು ಬರುವವರೆಗೆ ಕೆಲಸ. ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ನೀಲಿ ಪಟ್ಟಿಗಳನ್ನು ಚೀಲದಲ್ಲಿ ತರುವಳು. ಒದ್ದೆ ಮಾಡಿ, ಮಧ್ಯೆ ಮೊಳೆಗಳನ್ನಿಟ್ಟು ಸುರುಳಿ ಸುತ್ತಿ, ಬಚ್ಚಲಿನ ಬಕೆಟ್ಟಿನಲ್ಲಿ ವಾರಗಟ್ಟಲೆ ಬಿಡುವಳು. ತುಕ್ಕಿನ ಕಲೆ ತನಗೆ ಬೇಕಾದ ಕಡೆ ಹರಡದೆ ತನ್ನಿಷ್ಟಕ್ಕೆ ಹರಡಿದರೆ ಮೊದಲು ಬೈಯುವಳು, ಆಮೇಲೆ ಅರ್ಧ ಗಂಟೆ ಅದನ್ನೇ ನೋಡುತ್ತ ನಿಲ್ಲುವಳು. ಸ್ನಾನಕ್ಕೆ ಕಾದವರ ಗತಿ ಕೇಳುವವರಿರಲಿಲ್ಲ.

ಬುಧವಾರ ತಮ್ಮನ ಹೆಂಡತಿಯ ಅನ್ನದಲ್ಲಿ ಗುಂಡುಸೂಜಿ ಸಿಕ್ಕಿತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಕಲ್ಲು ಸಿಕ್ಕಿದ್ರೆ ಅಂಗಡಿಯವನನ್ನ ಬೈಬಹುದು. ಇದಕ್ಕೆ ಯಾರನ್ನ ಬೈಲಿ?"

"ನನ್ನನ್ನೇ ಬೈ" ಎಂದಳು ಅಕ್ಕ. "ಆದ್ರೆ ಸೂಜಿ ವಾಪಸ್ ಕೊಡು."

"ನೋಡ್ರೀ ನಿಮ್ಮ ಅಕ್ಕನ್ನ! ಮೂರು ಹೊತ್ತು ಬೇಯಿಸಿ ಹಾಕೋಳು ನಾನು. ಕೂತು ಉಣ್ಣೋಕೆ ಒಂದು ಮೇಜಿಲ್ಲ ನನಗೆ ಈ ಮನೇಲಿ. ಹೊರಗಿನವರು ಯಾರಾದ್ರೂ ಬಂದ್ರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸ್ತೀನಿ, ನಾಚಿಕೆಗೆ. ಅದಾದ್ರೂ ಚೆನ್ನಾಗಿದ್ದಿದ್ರೆ ತಡ್ಕೋತಿದ್ದೆ."

"ಚೆನ್ನಾಗಿರೋದು ಬೇಕಿದ್ರೆ ಕ್ಯಾಲೆಂಡರ್ ತಗೋ" ಎಂದಳು ಅಕ್ಕ ಕಡ್ಡಿ ಮುರಿದ ಹಾಗೆ.

ಅದು ಅನ್ಯಾಯದ ಮಾತು. ಅಕ್ಕನಿಗೂ ಅದು ಗೊತ್ತಾಯಿತು. ಮರುದಿನ ಹೇಳದೆ ಕೇಳದೆ ಪಾತ್ರೆಯೆಲ್ಲ ತೊಳೆದಿಟ್ಟಳು. ತಮ್ಮನ ಹೆಂಡತಿಯೂ ಹೇಳದೆ ಕೇಳದೆ ಸೂಜಿಯನ್ನು ಮೇಜಿನ ಮೂಲೆಯಲ್ಲಿ ಚುಚ್ಚಿಟ್ಟಿದ್ದಳು.

ಇನ್ನು ಮೂರು ವಾರ ಇದೆ ಎನ್ನುವಾಗ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಅರವತ್ತರ ಮೇಲೆ, ಗಟ್ಟಿ ಮೈಕಟ್ಟು, ಮೊಣಕೈವರೆಗೂ ಎಣ್ಣೆ ಸಿಡಿದ ಸುಟ್ಟ ಕಲೆ. ಕೌಂಟರಿನ ಮೇಲೆ ಒಂದು ಹಳದಿಯಾದ ಚೀಟಿ ಇಟ್ಟಳು. ನಂಬರು ಸಾವಿರದ ನೂರ ನಲವತ್ತೇಳು.

"ಬೂದು ಕೋಟು" ಎಂದಳು. "ಕೊಟ್ಟು ಹಡಗು ಹತ್ತಿದೆ, ಅಡುಗೆ ಕೆಲಸಕ್ಕೆ. ಮೂರು ತಿಂಗಳು ಅಂದಿದ್ರು. ಹದಿನೇಳು ವರ್ಷ ಆಯ್ತು."

ತಮ್ಮ ಚೀಟಿಯನ್ನು ನೋಡಿದ. ಅದರ ಇನ್ನೊಂದು ಅರ್ಧ ಮೇಣ ಸವರಿಸಿಕೊಂಡು ಮನೆಯ ಊಟದ ಮೇಜಿನ ನಟ್ಟನಡುವೆ ಕೂತಿರುವುದು ಅವನಿಗೆ ಗೊತ್ತಿತ್ತು. ಬಾಯಿಗೆ ಬಂದದ್ದು ಅಂಗಡಿಯವರ ಹಳೆಯ ಮಾತು ಮಾತ್ರ. "ನಾಳೆ ಬನ್ನಿ."

"ಹದಿನೇಳು ವರ್ಷ ಸಾಲಲಿಲ್ವಾ ನಿಮಗೆ?" ಎಂದಳು ಅವಳು. ತಲೆ ಎತ್ತಿ ಬೋರ್ಡು ಓದಿದಳು. "ಆಯ್ತು, ನಾಳೆ."

ಸಂಜೆ ಮನೆಯಲ್ಲಿ ನ್ಯಾಯಪಂಚಾಯಿತಿ. ಎಲೆಕೋಸಿನ ಪಲ್ಯ, ಬ್ರೆಡ್ಡು, ಐದು ಮುಖಗಳು.

"ಬೆಂಕಿ ಬಿದ್ದು ಸುಟ್ಟುಹೋಯ್ತು ಅಂತೀನಿ" ಎಂದ ತಮ್ಮ.

"ನನ್ನ ಅಂಗಡಿಗೆ ಬೆಂಕಿ ಇಡ್ತೀಯಾ, ಬಾಯಲ್ಲಿ?" ಎಂದರು ಮಾಸ್ಟರು.

"ಹೊಸ ಕೋಟು ಕೊಡಿಸೋಣ" ಎಂದಳು ಸೊಸೆ.

"ಅವರು ಹೊಸದು ಕೇಳಿಲ್ಲ" ಎಂದರು ಮಾಸ್ಟರು.

ಮಾಸ್ಟರು ಎದ್ದು ಮೇಜಿನ ಸುತ್ತ ಒಂದು ಸುತ್ತು ಬಂದರು. ಕೋಟಿನ ಬೆನ್ನು, ಎರಡು ತೋಳು ಬಟ್ಟೆಯ ನಡುವೆ ಹರಡಿದ್ದವು; ಉಳಿದೆಲ್ಲ ಅವುಗಳ ಸುತ್ತಲೇ ಕಟ್ಟಿದ್ದು. ಮುಂದಿನ ಎರಡು ಭಾಗ, ಕಾಲರು, ಲೈನಿಂಗು ಅಕ್ಕನ ಪೆಟ್ಟಿಗೆಯಲ್ಲಿ ಹಾಗೇ ಇದ್ದವು. ಮಾಸ್ಟರು ಎಷ್ಟೋ ದಿನದ ಮೇಲೆ ಮಗಳ ಕಡೆ ನೇರ ತಿರುಗಿದರು, ಆದರೂ ಮಾತು ಮಾತ್ರ ಪುಟ್ಟಿಗೇ ಹೇಳಿದರು.

"ನಿನ್ನ ಅತ್ತೆಗೆ ಹೇಳು. ನಾನು ಇದನ್ನ ಮತ್ತೆ ಕೋಟು ಮಾಡಬಲ್ಲೆ. ಕತ್ತರಿ ಬಿದ್ದದ್ದು ಯಾರಿಗೂ ಗೊತ್ತಾಗಲ್ಲ. ಇದನ್ನೊಂದೇ ಅಲ್ಲ, ಮೂವತ್ತೊಂದನ್ನೂ ಮಾಡಬಲ್ಲೆ. ಒಂದು ವರ್ಷ ಹಿಡಿಯತ್ತೆ, ಅಷ್ಟೆ."

ಅಕ್ಕನ ಮುಖ ಬಿಳಿಚಿತ್ತು. ಮಾಸ್ಟರು ಹೇಳಿದ್ದನ್ನು ಮಾಡುತ್ತಾರೆ, ಮಾಡಿದರೆ ಅವಳು ಈ ಬಟ್ಟೆಯನ್ನು ಮುಟ್ಟಿಯೇ ಇರಲಿಲ್ಲ ಅನ್ನುವ ಹಾಗೆ ಮಾಡುತ್ತಾರೆ. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು.

"ಅವರನ್ನ ನಾನೇ ಮನೆಗೆ ಕರ್ಕೊಂಡು ಬರ್ತೀನಿ" ಎಂದಳು. "ನಿಜ ಹೇಳ್ತೀನಿ. ಬೇರೆ ಏನೂ ಹೇಳಲ್ಲ."

ಹಡಗಿನ ಅಡುಗೆಯವಳು ಮರುದಿನ ಬಂದಳು. ಬಾಗಿಲಲ್ಲೇ ಮೂಗರಳಿಸಿ "ಎಲೆಕೋಸು ತಳ ಹಿಡಿದಿದೆ" ಎಂದಳು. ಸೊಸೆ ಓಡಿದಳು. ಅಕ್ಕ ಎಲ್ಲ ಹೇಳಿದಳು, ಒಂದೂ ಬಿಡದೆ, ಯಾರ ಮೇಲೂ ತಪ್ಪು ಹೊರಿಸದೆ. ಆ ಹೆಂಗಸು ಬಟ್ಟೆಯ ಸುತ್ತ ನಡೆದಳು. ಬಾಗಿ ತಂತಿಯ ಹೊಲಿಗೆ ನೋಡಿದಳು. ಕಿಟಕಿಯ ಕಡೆ ಒಂದು ಅಂಚನ್ನು ಎತ್ತಿಸಿ ಬೆಳಕು ಹಾಯುವುದನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ" ಎಂದಳು.

ಅಕ್ಕ ಉಸಿರು ಬಿಟ್ಟಳು.

"ನನ್ನ ಕೋಟು ಕೊಡಿ."

"ಒಂದೇ ಒಂದು ತಿಂಗಳು..." ಎಂದಳು ಅಕ್ಕ. "ಗ್ರಂಥಾಲಯದಲ್ಲಿ ಒಂದು ತಿಂಗಳು ಇರತ್ತೆ, ಆಮೇಲೆ ನಾನೇ..."

"ಮುಂದಿನ ಶುಕ್ರವಾರ ನನ್ನ ಹಡಗು ಹೊರಡತ್ತೆ. ಈ ಸಲ ಹೋದ್ರೆ ಯಾವಾಗ ಬರ್ತೀನೋ."

"ಅಷ್ಟು ಬೇಕಾ ಅಮ್ಮ ಆ ಹಳೇ ಕೋಟು?" ಎಂದ ತಮ್ಮ.

"ಬೇಕು ಬೇಡ ಅಲ್ಲಪ್ಪ. ಅದು ನನ್ನದು. ಹದಿನೇಳು ವರ್ಷ ಎಲ್ಲ ಬಂದರಿನಲ್ಲೂ ಚಳಿ ಆದಾಗ ಅಂದ್ಕೋತಿದ್ದೆ, ನನಗೊಂದು ಕೋಟಿದೆ, ಅಲ್ಲೊಂದು ಅಂಗಡೀಲಿ ಇದೆ, ನಾನು ಹೋಗೋವರೆಗೂ ಇರತ್ತೆ ಅಂತ. ಬರೆದುಕೊಟ್ಟೋರು ನೀವೇ."

ಅಕ್ಕ ಒಂದು ಸಲ ಇಡೀ ಬಟ್ಟೆಯ ಮೇಲೆ ಕೈಯಾಡಿಸಿದಳು. ಆಮೇಲೆ ಕತ್ತರಿ ತೆಗೆದಳು.

"ತಡಿ!" ಎಂದು ಮಾಸ್ಟರು ಕೂಗಿದರು. "ಹೊಲಿಗೆ ಬಿಚ್ಚು! ಕತ್ತರಿ ಹಾಕ್ಬೇಡ!"

"ಬಿಚ್ಚೋಕೆ ಮೂರು ದಿನ ಹಿಡಿಯತ್ತೆ. ನಿನಗೆ ಕೋಟು ಕೂಡಿಸೋಕೆ ಆ ಮೂರು ದಿನ ಬೇಕು."

ಅವಳು ಕೋಟಿನ ಅಂಚಿಗೆ ಕತ್ತರಿ ತಾಗಿಸಲಿಲ್ಲ. ಅದರಿಂದ ಒಂದು ಬೆರಳು ಆಚೆಗೆ, ತನ್ನ ಕಡೆಯ ಬಟ್ಟೆಯಲ್ಲಿ, ತನ್ನ ತಂತಿ, ತನ್ನ ತುಕ್ಕು, ತನ್ನ ತಿಂಗಳುಗಳ ಮೇಲೆ ನಡೆಸಿದಳು. ತಾಮ್ರ ಕಡಿಯುವಾಗ ಕಟಕಟ ಸದ್ದಾಯಿತು. ಕೋಟಿನ ಒಂದು ನೂಲೂ ಕಡಿಯಲಿಲ್ಲ. ಮುಗಿದಾಗ ಬಟ್ಟೆಯ ನಟ್ಟನಡುವೆ ತಟ್ಟೆಯಷ್ಟಲ್ಲ, ಒಬ್ಬ ಮನುಷ್ಯ ತೂರಬಹುದಾದಷ್ಟು ದೊಡ್ಡ ಕಿಂಡಿ ಬಿದ್ದಿತ್ತು; ಅದರಲ್ಲಿ ಊಟದ ಮೇಜಿನ ಮರ ಐದು ವಾರಗಳ ಮೇಲೆ ಮೊದಲ ಸಲ ಕಂಡಿತು. ಅಕ್ಕ ತುಂಡನ್ನು ಅಪ್ಪನ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಹಳ ಹೊತ್ತು ಹರಿಯಿತು. ಹೊರಗಿದ್ದವರಿಗೆಲ್ಲ ಅದು ಯಾಕೆ ಅಂತ ಗೊತ್ತಿತ್ತು.

ಮಾಸ್ಟರು ಎಂಟು ದಿನ ಹಗಲೆಲ್ಲ ಕಿಟಕಿಯ ಪಕ್ಕ ಕೂತರು. ಲೈನಿಂಗಿನ ಒಳಗಿಂದ ಅದೇ ಕೋಟಿನ ನೂಲು ಎಳೆದು, ಅದೇ ನೂಲಿನಿಂದ ಸೇರಿಸಿದರು. ಚಹಾ ಆರುತ್ತಿತ್ತು, ಸೊಸೆ ಮತ್ತೆ ಬಿಸಿಮಾಡಿ ತರುತ್ತಿದ್ದಳು, ಅದೂ ಆರುತ್ತಿತ್ತು.

ಗುರುವಾರ ಮಾಸ್ಟರು ಊರುಗೋಲೂರಿಕೊಂಡು ಅಂಗಡಿಗೆ ಹೋದರು. ಹಡಗಿನ ಅಡುಗೆಯವಳು ಬಂದು ಕೋಟನ್ನು ಬೆಳಕಿಗೆ ಹಿಡಿದಳು, ತಿರುವಿದಳು, ಎಳೆದಳು.

"ಎಲ್ಲಿ ಕತ್ತರಿಸಿದ್ದು?"

"ನೀವೇ ಹುಡುಕಿ" ಎಂದರು ಮಾಸ್ಟರು. ಮೂರು ತಿಂಗಳಲ್ಲಿ ಮೊದಲ ಸಲ ನಕ್ಕರು.

ಅವಳಿಗೆ ಸಿಗಲಿಲ್ಲ. ಹಾಕಿಕೊಂಡಳು. ಸೊಂಟದಲ್ಲಿ ಬಿಗಿ, ಆದರೂ ಗುಂಡಿ ಬಿತ್ತು. ಜೇಬಿಗೆ ಕೈ ಹಾಕಿದಳು. ಕೈ ಲೈನಿಂಗಿನೊಳಗೆ ಇಳಿದು ಕೋಟಿನ ಅಂಚಿನವರೆಗೂ ಹೋಯಿತು.

"ಮಾಸ್ಟ್ರೇ, ನಾನು ಇದನ್ನ ಕೊಟ್ಟಿದ್ದು ಜೇಬಿನ ತೂತಿಗೆ."

ಮಾಸ್ಟರು ಚೀಟಿಯನ್ನು ಕಣ್ಣಿನ ಹತ್ತಿರ ತಂದರು. ಅವರದೇ ಅಕ್ಷರ. ಮೊಣಕೈ, ಜೇಬು. ಮೊಣಕೈ ಮಾಡಿ ಜೇಬು ಮರೆತಿದ್ದರು, ಹದಿನೇಳು ವರ್ಷದ ಹಿಂದೆ. ಮಗ ಹಿಂದಿನ ಕೋಣೆಗೆ ಹೋಗಿ ನಕ್ಕು ಬಂದ. ಮಾಸ್ಟರು ಸೂಜಿಗೆ ದಾರ ಪೋಣಿಸಿದರು. ಅವಳು ಕೋಟು ಬಿಚ್ಚದೆ, ಪಕ್ಕಕ್ಕೆ ವಾಲಿಕೊಂಡು ನಿಂತೇ ಮಾಡಿಸಿಕೊಂಡಳು.

ಅಂದು ಸಂಜೆ ಮಾಸ್ಟರು ಮನೆಗೆ ಬಂದಾಗ ಅವರ ಕಂಕುಳಲ್ಲಿ ಒಂದು ಸುರುಳಿ ಬೂದು ಉಣ್ಣೆ ಬಟ್ಟೆ ಇತ್ತು. ಪುಟ್ಟಿ ಅಲ್ಲೇ ಕೂತಿದ್ದಳು. ಮಾಸ್ಟರು ಅವಳನ್ನು ದಾಟಿ ಮಗಳ ಎದುರು ನಿಂತರು.

"ಆ ಜಾಗಕ್ಕೆ ಇದು ಸರಿ ಹೋಗತ್ತೆ. ನಿನಗಿನ್ನೂ ಹತ್ತು ದಿನ ಇದೆ. ಮುಚ್ಚಿಕೊಡ್ತೀನಿ. ಅಲ್ಲೇನೋ ಆಗಿತ್ತು ಅಂತ ದೇವರಿಗೂ ಗೊತ್ತಾಗಲ್ಲ."

ಅವರಲ್ಲಿ ಇದ್ದದ್ದು ಅದೊಂದೇ ವಿದ್ಯೆ. ಅದನ್ನೇ ತಂದು ಮಗಳ ಮುಂದಿಟ್ಟಿದ್ದರು. ಅಕ್ಕನಿಗೆ ಅರ್ಥವಾಯಿತು. ಆದರೂ ಹೇಳಿದಳು.

"ಬೇಡಪ್ಪ."

"ಬೇಡ್ವಾ?"

"ಅದು ಹಾಗೇ ಇರ್ಲಿ."

"ಹಾಳಾಗಿದೆ ಅದು! ನೀನು ಮೊದಲು ಮಾಡಿದ್ದೇ ಬೇರೆ, ಈಗಿರೋದೇ ಬೇರೆ."

"ಹೌದು, ಬೇರೆ. ಮೂವತ್ತೊಂದರಲ್ಲಿ ಒಬ್ಬರು ಬಂದ್ರು ಅಪ್ಪ. ತಮ್ಮ ಬರಲ್ಲ ಅಂದ, ನಾನೂ ಬರಲ್ಲ ಅಂತಾನೇ ಕತ್ತರಿಸಿದೆ. ನೀನೊಬ್ಬನೇ ಬರ್ತಾರೆ ಅಂದಿದ್ದು. ಬಂದ್ರು, ತಗೊಂಡು ಹೋದ್ರು. ತಗೊಂಡು ಹೋದ ಜಾಗ ಅದು. ಅದನ್ನ ಮುಚ್ಚಿದ್ರೆ ಯಾರೂ ಬರಲೇ ಇಲ್ಲ ಅಂತಾಗತ್ತೆ."

ಮಾಸ್ಟರು ಸುರುಳಿಯನ್ನು ಕುರ್ಚಿಯ ಮೇಲಿಟ್ಟರು. ಸಿಟ್ಟೋ, ನೋವೋ, ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಮೆಟ್ಟಿಲು ಹತ್ತುತ್ತ ಅರ್ಧದಲ್ಲಿ ನಿಂತು ಹೇಳಿದರು.

"ಅಂಚು ಬಿಚ್ಚಿಕೊಳ್ಳತ್ತೆ. ಮೇಣ ಹಚ್ಚು."

ಪುಟ್ಟಿ ಕಣ್ಣರಳಿಸಿದಳು. "ನೇರ ಮಾತಾಡಿದ್ರು! ನನ್ನ ಬಿಸ್ಕತ್ತು ಹೋಯ್ತು."

ತೂಗುಹಾಕುವ ದಿನ ಮನೆಮಂದಿಯೆಲ್ಲ ಗ್ರಂಥಾಲಯಕ್ಕೆ ಹೋದರು. ಸುರುಳಿ ಸುತ್ತಿದ ಬಟ್ಟೆಯನ್ನು ತಮ್ಮ ಒಂದು ಕಡೆ, ಅಕ್ಕ ಒಂದು ಕಡೆ ಹೊತ್ತರು. ಸೊಸೆ ಕಚೇರಿಗೆ ರಜೆ ಹಾಕಿದ್ದಳು. ಕಾರಣದ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ 'ಮನೆಯ ಕೆಲಸ' ಎಂದು ಬರೆದಿದ್ದಳು. ಏಣಿ ಹತ್ತಿದ ಕೆಲಸಗಾರರು ಮೇಲಿನ ಕೋಲಿಗೆ ಬಟ್ಟೆ ಕಟ್ಟಿ ಇಳಿಬಿಟ್ಟರು. ಬೆಳಗಿನ ಹತ್ತು ಗಂಟೆಯ ಬಿಸಿಲು ಕಿಟಕಿಯ ಆಚೆ ಇತ್ತು. ಸಣ್ಣ ಸಂದುಗಳಿಂದ ಚುಕ್ಕಿಚುಕ್ಕಿಯಾಗಿ, ಮಾಸ್ಟರ ಹಳೆಯ ರಫುಗಳಿಂದ ಜರಡಿ ಹಿಡಿದಂತೆ, ನಡುವಿನ ಕಿಂಡಿಯಿಂದ ಮಾತ್ರ ಧಾರಾಳವಾಗಿ, ಬೆಳಕು ಮೆಟ್ಟಿಲ ಮೇಲೆ ಬಿತ್ತು.

ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಕೈಗಳನ್ನು ಹಿಂದೆ ಕಟ್ಟಿಕೊಂಡು ಬಂದರು. ನಿವೃತ್ತ ಅಧಿಕಾರಿ, ನಿವೃತ್ತಿ ಇನ್ನೂ ಮೈಗೆ ಹಿಡಿದಿರಲಿಲ್ಲ.

"ಇದೇನು, ನಡುವೆ ಹರಿದಿದೆ?"

"ಅದು ಹಾಗೇ ಇರೋದು ಸಾರ್" ಎಂದಳು ಗ್ರಂಥಪಾಲಕಿ, ದನಿಯಲ್ಲಿ ಧೈರ್ಯ ಕಮ್ಮಿ.

"ನೀವು ತೋರಿಸಿದ ಫೋಟೋದಲ್ಲಿ ಇರಲಿಲ್ಲ. ಒಪ್ಪಿಗೆ ಕೊಟ್ಟದ್ದು ಆ ಫೋಟೋಗೆ. ಹರಿದ ಬಟ್ಟೆ ತೂಗುಹಾಕಿದ್ರೆ ಜನ ಏನಂತಾರೆ? ಇಳಿಸಿ. ಸರಿ ಮಾಡ್ಕೊಂಡು ಬನ್ನಿ."

"ಇದು ಸರಿಯಾಗೇ ಇದೆ" ಎಂದಳು ಅಕ್ಕ. "ಕತ್ತರಿಸಿದೋಳು ನಾನು. ಇದು ಹೀಗೇ ತೂಗತ್ತೆ, ಇಲ್ಲಾಂದ್ರೆ ಇಲ್ಲ."

"ಇಲ್ಲಾಂದ್ರೆ ಇಲ್ಲ ಅಂತಲೇ ನಾನೂ ಹ..." ಎನ್ನುತ್ತ ಅಧ್ಯಕ್ಷರು ಮಾಸ್ಟರನ್ನು ಕಂಡರು. ಮುಖ ಅರಳಿತು. "ಅರೆ, ರಫು ಮಾಸ್ಟರು! ನನ್ನ ಮದುವೆ ಸೂಟಿಗೆ ರಫು ಮಾಡಿದ್ದು ಇವರೇ, ಇವತ್ತಿಗೂ ಯಾವ ಜಾಗ ಅಂತ ನನಗೇ ಗೊತ್ತಿಲ್ಲ. ಎದುರಿಗೇ ಇದೀರಲ್ಲ! ಎರಡು ದಿನ ಬೇಕಾ? ತಗೊಳ್ಳಿ. ಇದನ್ನೊಂದು ಮುಚ್ಚಿಕೊಟ್ಟುಬಿಡಿ."

ಎಲ್ಲರೂ ಮಾಸ್ಟರ ಕಡೆ ತಿರುಗಿದರು. ಅಕ್ಕ ಮಾತ್ರ ತಿರುಗಲಿಲ್ಲ. ಬಟ್ಟೆಯನ್ನೇ ನೋಡುತ್ತ ನಿಂತಳು. ಮಾಸ್ಟರು ಊರುಗೋಲು ಊರುತ್ತ ಕಿಂಡಿಯ ಹತ್ತಿರ ಹೋದರು. ಮೇಣ ಹಚ್ಚಿದ ಅಂಚಿನ ಮೇಲೆ ಹೆಬ್ಬೆರಳು ಸವರಿದರು, ಗಿರಾಕಿಯ ಬಟ್ಟೆಯನ್ನು ಸವರುವ ಹಾಗೆ. ಆ ಕಡೆಯಿಂದ ಈ ಕಡೆಗೆ ಗೇಣಿನಲ್ಲಿ ಅಳೆದರು.

"ಮುಚ್ಚಬಹುದು" ಎಂದರು. "ಗೊತ್ತಾಗದ ಹಾಗೆ ಮುಚ್ಚಬಲ್ಲವನು ಈ ಊರಲ್ಲಿ ಒಬ್ಬನೇ ಇರೋದು. ನಾನು."

"ಅದೇ ನಾನು ಹೇಳೋದು!"

"ನಾನು ಮುಚ್ಚಲ್ಲ."

ಅಧ್ಯಕ್ಷರು ಮತ್ತೇನೋ ಹೇಳಲು ಒಂದು ಹೆಜ್ಜೆ ಮುಂದೆ ಬಂದರು. ಮಾಸ್ಟರು ಮೆಟ್ಟಿಲ ಮೇಲೆ ಕೂತುಬಿಟ್ಟರು, ಕಾಲು ಚಾಚಿ, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ಇನ್ನು ಇಳಿಸಬೇಕಾದರೆ ಅವರನ್ನು ದಾಟಿಯೇ ಇಳಿಸಬೇಕು. ಪುಟ್ಟಿ ಹೋಗಿ ಅವರ ಪಕ್ಕದಲ್ಲಿ ಕೂತಳು. ತಮ್ಮ ಒಂದು ಕ್ಷಣ ಅಧ್ಯಕ್ಷರ ಮುಖ ನೋಡಿ, ಆಮೇಲೆ ಅವನೂ ಕೂತ.

ಕೊನೆಗೆ ಮಾತಾಡಿದವಳು ತಮ್ಮನ ಹೆಂಡತಿ. ಕಚೇರಿಯಲ್ಲಿ ಸಾಲು ತಪ್ಪಿ ನಿಂತವರಿಗೆ ಹೇಳುವ ದನಿಯಲ್ಲೇ ಹೇಳಿದಳು.

"ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ. ಬೆಳಕಿಗೆ ಅಡ್ಡ ನಿಂತಿದೀರಿ."